ಸುಖಿಲಾಲನ ವಂಶಾವಳಿ

ಹಿಂದಿ ಚಲಚ್ಚಿತ್ರಗಳನ್ನು ಅಷ್ಟಾಗಿ ನೋಡದವರಿಗೂ ಸುಖಿಲಾಲನ ಪರಿಚಯವುಂಟು. ಮೆಹಬೂಬ್ ಖಾನರ ‘ಮದರ್ ಇಂಡಿಯಾ’ (1957) ಚಿತ್ರದಲ್ಲಿ ಕನ್ಹಯ್ಯಾಲಾಲರು ಅಭಿನಯಿಸಿದ ಸಾಹುಕಾರನೇ ಅವನು. ಮಗನ ಮದುವೆಗೆಂದು ಮುದುಕಿಯೊಬ್ಬಳು ತೆಗೆದ 500 ರೂಪಾಯಿಗಳ ಸಾಲಕ್ಕೆ ಬಡ್ಡಿಯೆಂದು ಬೆಳೆಯ ಮುಕ್ಕಾಲು ಪಾಲು ಅವನ ಮನೆ ಸೇರುತ್ತದೆ. ಅಕ್ಷರವರಿಯದ ಒಂದು ಕುಟುಂಬವು ಕಣ್ಣೆದುರಿಗೇ ಹಾಳಾಗುತ್ತದೆ. ಇದೇ ನಿರ್ದೇಶಕರು 1940ರಲ್ಲಿ ತೆಗೆದ ‘ಔರತ್’ ಚಿತ್ರದಲ್ಲಿಯೂ ಸುಖಿಲಾಲನಿದ್ದನು, ನಟರೂ ಅವರೇ. ಹದಿನೇಳು ವರ್ಷಗಳಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತು, ಚಿತ್ರಕ್ಕೆ ಬಣ್ಣ ಬಂದಿತು, ನಾಯಕಿ ಬದಲಾದಳು; ಸಾಹುಕಾರನು ಮಾತ್ರ ಇದ್ದಂತೆಯೇ ಇದ್ದನು.

ಅವನಿಗೂ ಒಬ್ಬ ಹಿರಿಯನುಂಟು. ಕೊಲ್ಲಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಬಾಬುರಾವ್ ಪೇಂಟರರು ನಾರಾಯಣ ಹರಿ ಆಪ್ಟೆಯವರ ಕಾದಂಬರಿಯನ್ನಾಧರಿಸಿ 1925ರಲ್ಲಿ ‘ಸಾವಕಾರಿ ಪಾಶ’ ಎಂಬ ಮೂಕಚಿತ್ರವನ್ನು ನಿರ್ಮಿಸಿದರು. ಸಾಹುಕಾರನಿಗೆ ಹೊಲ ಕಳೆದುಕೊಂಡು ಪಟ್ಟಣದ ಗಿರಣಿಯ ಕೂಲಿಯಾಗುವ ತರುಣ ರೈತನಾಗಿ ಅದರಲ್ಲಿ ಕಾಣಿಸಿಕೊಂಡವರು ವ್ಹಿ. ಶಾಂತಾರಾಮರು. ಈ ಕಥೆಯು ಮರಾಠಿ ನೆಲದಲ್ಲಿ ಹುಟ್ಟಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅದಕ್ಕೆ ಅರ್ಧ ಶತಮಾನದ ಹಿಂದೆ, 1875ರ ಮೇ 12ರಂದು, ಪುಣೆ ಜಿಲ್ಲೆಯ ಸುಪೆ ಎಂಬ ಪೇಟೆಯೂರಿನಲ್ಲಿ ರೈತರು ಒಟ್ಟುಗೂಡಿ ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಕಿಚ್ಚು ಬೇಗನೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಚರಿತ್ರೆಯಲ್ಲಿ ‘ದಖ್ಖನಿನ ದಂಗೆ’ಯೆಂದು ಪ್ರಸಿದ್ಧವಾದುದು ಇದೇ.

ಇದಕ್ಕೆ ಕಾರಣವೇನು? ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಇಲ್ಲಿಯ ಹತ್ತಿಗೆ ಬೆಲೆ ಏರಿ, ಕೇಳಿದವರಿಗೆಲ್ಲ ಸಾಲ ಸಿಕ್ಕಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಸಾಲದ ಕೈ ಬಿಗಿಯಾಯಿತು. ಅದೇ ವೇಳೆಗೆ ಸರಕಾರವು ಹೊಸ ಜಮಾಬಂದಿಯಲ್ಲಿ ಕಂದಾಯವನ್ನು ವಿಪರೀತವಾಗಿ ಏರಿಸಿತು. ಬೆಳೆ ಬಂದರೂ ಬಾರದಿದ್ದರೂ ಅದನ್ನು ನಗದಾಗಿಯೇ ಕಟ್ಟಬೇಕು. ಇನ್ನು 1859ರ ಕಾಲಮಿತಿ ಕಾಯಿದೆ. ಸಾಲಗಾರನ ರಕ್ಷಣೆಗೆಂದು ಸಾಲಪತ್ರಕ್ಕೆ ಮೂರು ವರ್ಷಗಳ ಆಯುಷ್ಯವನ್ನು ವಿಧಿಸಿದ ಈ ಕಾಯಿದೆಯ ಫಲವು ತಿರುಗುಮುರುಗಾಯಿತು. ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಯಿಸಿಕೊಳ್ಳುವ ಪದ್ಧತಿ ಬೇರೂರಿತು. ರೈತನು ನ್ಯಾಯಾಲಯದ ಮೆಟ್ಟಲನ್ನೇ ಹತ್ತದೆ ಇರುವಾಗ ಅವನ ಮೇಲೆ ಏಕಪಕ್ಷೀಯ ತೀರ್ಪುಗಳಾಗುತ್ತಿದ್ದವು. ದಂಗೆಕಾರರು ಹುಡುಕಿದುದೂ ಈ ಪತ್ರಗಳನ್ನೇ. ಕೊಟ್ಟಲ್ಲಿ ಅವನ್ನು ಸುಟ್ಟು ಹಿಂದಿರುಗಿದರು. ಪ್ರಾಣಹಿಂಸೆಗೆ ಬಹುಮಟ್ಟಿಗೆ ಕೈಹಾಕಲಿಲ್ಲ. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಸಾಲಪತ್ರದ ಹಿಂದಣ ಲೆಕ್ಕವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ರೋಗವು ಕಾಗದದಲ್ಲಿದೆಯೆಂಬುದನ್ನು ರೈತನೂ ಸರಕಾರವೂ ಒಪ್ಪಿದಂತಾಯಿತು.

ಆದರೆ ಪೆಟ್ಟು ತಿಂದವರಾರು ಎಂಬುದನ್ನು ನೋಡಬೇಕು. ಅವರು ಹೆಚ್ಚುಕಡಿಮೆ ಎಲ್ಲರೂ ಮಾರವಾಡಿಗಳು ಮತ್ತು ಗುಜರಾತಿಗಳು. ಬ್ರಾಹ್ಮಣರೂ ಇತರ ಸ್ಥಳೀಯರೂ ಅದೇ ಲೇವಾದೇವಿಯನ್ನು ನಡೆಸುತ್ತಿದ್ದ ಊರುಗಳಲ್ಲಿ ಸಾಮಾನ್ಯವಾಗಿ ಮಾರವಾಡಿಗಳೊಬ್ಬರ ಮೇಲೆಯೇ ಏಟು ಬಿದ್ದಿತೆಂದು ಮುಂಬಯಿ ಪ್ರಾಂತದ ಗೆಜೆಟಿಯರೇ ದಾಖಲಿಸಿದೆ. ಬಡ್ಡಿ ಒಂದೇ, ಪತ್ರವೂ ಒಂದೇ. ದೂರದಿಂದ ಬಂದವನ ಪೇಟ ಮಾತ್ರ ಕಣ್ಣಿಗೆ ಬಿದ್ದಿತು. 1966ರ ನಂತರದ ವರ್ಷಗಳಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳ್ಳಿತೆರೆಯು ಆಯ್ದುಕೊಂಡುದು ಈ ಪೇಟವನ್ನೇ. ಕಂದಾಯ, ಕಾಯಿದೆ, ಹತ್ತಿಯ ಬೆಲೆ ಇವುಗಳಿಗೆ ಮುಖವಿಲ್ಲ, ನಟರು ಅವನ್ನು ಅಭಿನಯಿಸಲಾರರು. ಆದುದರಿಂದ ಎಲ್ಲವನ್ನೂ ಒಬ್ಬನ ಹೆಗಲಿಗೇರಿಸಿ, ಅವನ ಹೆಸರು, ಧೋತರ, ಲೆಕ್ಕದ ಪುಸ್ತಕಗಳಿಂದಲೇ ಅವನು ಬನಿಯಾ ಎಂಬುದು ಪ್ರೇಕ್ಷಕನಿಗೆ ತಿಳಿಯುವಂತೆ ಮಾಡಲಾಯಿತು. ಸುಪೆಯ ರೈತನಿಗೆ ಪತ್ರವು ಸುಟ್ಟರೆ ಸಾಕಾಗಿತ್ತು. ಚಿತ್ರದ ಬಿರ್ಜುವಿಗೆ ಸುಖಿಲಾಲನ ಪ್ರಾಣವೇ ಬೇಕಾಯಿತು. ಮೆಹಬೂಬರಿಗೆ ಅನ್ಯಾಯ ಮಾಡಬಾರದು: ಅದೇ ಸಾಹುಕಾರನ ಮಗಳ ಮಾನವನ್ನುಳಿಸಲು ತಾಯಿಯು ತನ್ನ ಮಗನಿಗೇ ಗುಂಡು ಹಾರಿಸುತ್ತಾಳೆ. ಅವರನ್ನು ಅನುಕರಿಸಿದವರಿಗೆ ಸಾಹುಕಾರನ ಕುಹಕದ ನಗೆ ನೆನಪುಳಿಯಿತು, ಈ ಗುಂಡು ನೆನಪುಳಿಯಲಿಲ್ಲ.

ಚಿತ್ರಗಳು ಮರೆಮಾಚಿದ ಇನ್ನೊಂದು ಸಂಗತಿಯು ಅಂಕಿಗಳಲ್ಲಿದೆ. ರಿಜರ್ವ್ ಬ್ಯಾಂಕು ನಡೆಯಿಸಿದ 1951-52ರ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತನ ಸಾಲದಲ್ಲಿ ವೃತ್ತಿಪರ ಲೇವಾದೇವಿಗಾರರ ಪಾಲು ನೂರಕ್ಕೆ 44.8, ತಾವೂ ಒಕ್ಕಲುತನ ಮಾಡುತ್ತ ಸಾಲ ಕೊಡುತ್ತಿದ್ದವರ ಪಾಲು 24.9. ಈ ಎರಡನೆಯವನು ಊರಿನವನೇ, ಎಷ್ಟೋ ವೇಳೆ ಸಾಲಗಾರನ ಜಾತಿಯವನೇ. ಅವನು ತೆರೆಗೆ ಬಂದುದು ಅಪರೂಪ. ಈ ದೃಷ್ಟಿಯಿಂದ, ಗೊರೂರರ ಕಥೆಯನ್ನಾಧರಿಸಿ ಸಿದ್ಧಲಿಂಗಯ್ಯನವರು 1974ರಲ್ಲಿ ತೆಗೆದ ಕನ್ನಡದ ‘ಭೂತಯ್ಯನ ಮಗ ಅಯ್ಯು’ ಹೆಚ್ಚು ಪ್ರಾಮಾಣಿಕವಾದುದು. ಅದರಲ್ಲಿ ಊರನ್ನು ಹಿಂಡುವ ಭೂತಯ್ಯನು ಹೊರಗಿನಿಂದ ಬಂದವನಲ್ಲ, ಅವನ ಮಗನ ಮನಸ್ಸೂ ಕೊನೆಗೆ ತಿರುಗುತ್ತದೆ.

ಅದೇ ಸಮೀಕ್ಷೆಯಲ್ಲಿ ಸಹಕಾರ ಸಂಘಗಳ ಪಾಲು 3.1, ವಾಣಿಜ್ಯ ಬ್ಯಾಂಕುಗಳ ಪಾಲು 0.9. ಬ್ಯಾಂಕಿನ ಅನ್ನವನ್ನುಣ್ಣುವ ನಾನು ಈ ಕೊನೆಯ ಅಂಕಿಯನ್ನು ಓದುವಾಗಲೆಲ್ಲ ತುಸು ತಡೆಯುತ್ತೇನೆ. ಸುಖಿಲಾಲನು ಬಾಗಿಲಲ್ಲಿ ಕುಳಿತಿದ್ದಾಗ ನಮ್ಮವರು ಎಲ್ಲಿದ್ದರು? ಸ್ಟೇಟ್ ಬ್ಯಾಂಕು ಹುಟ್ಟಿದುದು 1955ರಲ್ಲಿ, ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾದುದು 1969ರಲ್ಲಿ. ‘ಮದರ್ ಇಂಡಿಯಾ’ದ ಆರಂಭದಲ್ಲಿ ಮುದುಕಿಯಾದ ರಾಧಾ ತನ್ನ ಹಳ್ಳಿಯ ಹೊಸ ನಾಲೆಯನ್ನು ಉದ್ಘಾಟಿಸುತ್ತಾಳೆ. ನೀರು ಬಂದಿತು; ಮುಂದಿನ ಬಿತ್ತನೆಗೆ ಹಣವನ್ನು ಯಾರಿಂದ ತರಬೇಕೆಂಬುದನ್ನು ಚಿತ್ರವು ಹೇಳುವುದಿಲ್ಲ.