‘ಪ್ಲಂಜ್’ ಶಬ್ದದ ಪೂರ್ವಚರಿತ್ರೆ

ಮನುಷ್ಯರಂತೆ ಶಬ್ದಗಳಿಗೂ ವಂಶಾವಳಿಯುಂಟು. ಅದನ್ನು ಶೋಧಿಸಹೊರಟಲ್ಲಿ, ಇಂದಿನ ನಡತೆಗೆ ತೀರ ವಿರುದ್ಧವಾದ ಸ್ವಭಾವದ ಪೂರ್ವಜರು ಕೆಲವೊಮ್ಮೆ ಎದುರಾಗುವರು. ಆಂಗ್ಲಭಾಷೆಯ ‘ಪ್ಲಂಜ್’ ಎಂಬ ಕ್ರಿಯಾಪದವು ಇದಕ್ಕೊಂದು ನಿದರ್ಶನ. ಧುಮುಕು, ಮುಳುಗಿಸು, ಹಿಂದುಮುಂದು ನೋಡದೆ ಕಾರ್ಯಕ್ಕೆ ಕೈಹಾಕು ಎಂಬಿವು ಅದರ ಈಗಿನ ಅರ್ಥಗಳು. ಅಳತೆಗೆಟ್ಟು ಪಣವೊಡ್ಡುವ ಜೂಜುಗಾರನನ್ನು 19ನೆಯ ಶತಮಾನದ ಆಂಗ್ಲರು ‘ಪ್ಲಂಜರ್’ ಎಂದೇ ಕರೆದರು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಆ ದೇಶದ ಭಾಷೆಗೆ ಫ್ರೆಂಚ್ ಶಬ್ದಗಳು ಹೇರಳವಾಗಿ ಬಂದು ಸೇರಿದವು. ಹಳೆಯ ಫ್ರೆಂಚಿನ ‘ಪ್ಲೊಂಜಿಯೆ’ ಎಂಬುದು 14ನೆಯ ಶತಮಾನದಲ್ಲಿ ‘ಪ್ಲಂಜ್’ ಆಗಿ ಅಲ್ಲಿ ಬಳಕೆಯಲ್ಲಿತ್ತು. ಅದರ ಹಿಂದೆ ಆಡುಮಾತಿನ ಲ್ಯಾಟಿನ್ನಿನಲ್ಲಿ ‘ಪ್ಲುಂಬಿಕಾರೆ’ ಎಂಬ ರೂಪವಿದ್ದಿರಬೇಕೆಂದು ಶಬ್ದಶಾಸ್ತ್ರಜ್ಞರು ಊಹಿಸಿರುವರು. ‘ಪ್ಲುಂಬುಂ’ ಎಂದರೆ ಸೀಸ. ಸೀಸದ ಕೆಲಸಗಾರನೆಂದು ಹೆಸರಾದ ‘ಪ್ಲಂಬರ್’ ಸಹ ಇದೇ ಕುಲದವನು.

ಸೀಸಕ್ಕೂ ಧುಮುಕುವುದಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಹಿಂದಿನ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಕಡಲಿಗೆ ಇಳಿಬಿಟ್ಟು ಆಳವನ್ನಳೆಯುತ್ತಿದ್ದರು. ಗುಂಡಿನ ತಳದ ಕುಳಿಗೆ ಕೊಬ್ಬನ್ನು ಮೆತ್ತಿದಲ್ಲಿ ಕಡಲತಳದ ಮಣ್ಣೂ ಅಂಟಿ ಮೇಲಕ್ಕೆ ಬರುತ್ತಿತ್ತು. ಕ್ರಿ. ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೊಟಸನು, ಈಜಿಪ್ತಿಗೆ ಇನ್ನೊಂದು ದಿನದ ಪಯಣವಿರುವಾಗಲೇ ಹೀಗೆ ಅಳೆದರೆ ಕೆಸರು ಬರುವುದೆಂದೂ ಆಳವು 11 ಮಾರೆಂದೂ ಬರೆದಿರುವನು. ಆಂಗ್ಲ ನಾವಿಕರ ಅಳತೆಯಾದ ‘ಫ್ಯಾದಂ’ ನಮ್ಮ ಮಾರಿನಂತೆಯೇ ಚಾಚಿದ ಎರಡು ತೋಳುಗಳ ಉದ್ದ, 6 ಅಡಿ. ಆ ಶಬ್ದವೇ ಕ್ರಿಯಾಪದವಾಗಿ, ಆಳವರಿತು ಗ್ರಹಿಸುವುದೆಂಬ ಅರ್ಥವನ್ನೂ ಪಡೆಯಿತು.

ಹೀಗೆ, ‘ಪ್ಲಂಜ್’ ಎಂಬುದರ ಮೂಲದಲ್ಲಿ ನೀರಿಗಿಳಿದದ್ದು ಮನುಷ್ಯನಲ್ಲ, ಅಳತೆಯ ಗುಂಡು. ಹಡಗು ನೆಲಕ್ಕೆ ತಾಗದಿರಲೆಂದು ಅದು ಮೊದಲು ಇಳಿಯಿತು. ಎಚ್ಚರದ ಉಪಕರಣದಿಂದ ಹುಟ್ಟಿದ ಶಬ್ದವು ಕಾಲಾಂತರದಲ್ಲಿ ದುಡುಕಿನ ಹೆಸರಾಯಿತು!

ಮುಳುಗಿಸುವುದೆಂಬರ್ಥದ ‘ಇಮ್ಮರ್ಸ್’ ಎಂಬ ಇನ್ನೊಂದು ಆಂಗ್ಲಶಬ್ದವಂತೂ ನಮಗೆ ದಾಯಾದಿ. ಅದರ ಮೂಲವಾದ ಲ್ಯಾಟಿನ್ನಿನ ‘ಮೆರ್ಗೆರೆ’ಯೂ ಸಂಸ್ಕೃತದ ‘ಮಜ್ಜತಿ’ಯೂ ಒಂದೇ ಬೇರಿನವು, ಮಜ್ಜನವೆಂಬುದು ಇಲ್ಲಿಯದೇ. ಈ ಮಸ್ಜ್ ಧಾತುವಿಗೆ ಪಾಣಿನೀಯ ಧಾತುಪಾಠವು ಕೊಡುವ ಅರ್ಥ ಶುದ್ಧಿ. ಲಿಥುವೇನಿಯನ್ ಭಾಷೆಯಲ್ಲಿರುವ ಇದರ ಸೋದರಶಬ್ದಕ್ಕೂ ತೊಳೆಯುವುದೆಂದೇ ಅರ್ಥ.

ಯೋಗಾರ್ಥಕ್ಕಿಂತ ರೂಢಿಯೇ ಬಲವತ್ತರವೆಂಬುದು ಶಾಸ್ತ್ರಸಮ್ಮತವಾದುದರಿಂದ, ಈಗಿನ ಅರ್ಥವು ತಪ್ಪೆನ್ನುವಂತಿಲ್ಲ. ಆದರೂ ಮೂಲಾರ್ಥವು ವ್ಯರ್ಥವಲ್ಲ. ಒಂದು ಶಬ್ದವು ಆಳವನ್ನರಿಯಲು ಇಳಿಯಿತು. ಇನ್ನೊಂದು ಕೊಳೆಯನ್ನು ಕಳೆಯಲು ಮುಳುಗಿತು. ಎರಡೂ ಮರಳಿ ಮೇಲೇಳುವುದಕ್ಕಾಗಿಯೇ ಕೆಳಗಿಳಿದವು. ಕಾರ್ಯಕ್ಕೆ ಧುಮುಕುವ ತರುಣರನ್ನು ತಡೆಯುವುದು ಹಿರಿಯರಿಗೆ ತಕ್ಕುದಲ್ಲ. ಗುಂಡನ್ನು ಮೊದಲು ಇಳಿಬಿಡಿರೆಂದು ಹೇಳುವುದು ತಕ್ಕುದು.