ಎದೆಬಡಿತ ನಿಲ್ಲಿಸಿದ ಯೋಗಿಗಳ ಕಥೆ

"ಯೋಗಿಗಳು ಎದೆಬಡಿತವನ್ನೇ ನಿಲ್ಲಿಸಿಬಿಡ್ತಿದ್ರಂತೆ..." ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಇದರ ಜೊತೆಗೇ ಬರುವ ಹೆಸರು ತಿರುಮಲೈ ಕೃಷ್ಣಮಾಚಾರ್ಯರದು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. ನಾಲ್ವಡಿಯವರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಬಂದದ್ದು ಕನ್ನಡದಲ್ಲೇ, ಗೊತ್ತಿತ್ತೇ?

1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೆಸ್ ಬ್ರೋಸ್ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದ ಯೋಗಿಗಳಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಒಂದು ದಾಖಲೆಯಲ್ಲಿ ಗೆರೆ ಹೆಚ್ಚುಕಮ್ಮಿ ಸಪಾಟಾಗಿತ್ತು. ಕಥೆಗೆ ರೆಕ್ಕೆ ಮೂಡಲು ಅಷ್ಟು ಸಾಕಲ್ಲ!

1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಬಂದು, ದೆಹಲಿಯ ಬಿ. ಕೆ. ಆನಂದ್ ಜೊತೆ ಸೇರಿ ಮತ್ತೆ ಪರೀಕ್ಷಿಸಿದರು. 1961ರಲ್ಲಿ ಫಲಿತಾಂಶ ಪ್ರಕಟವಾಯಿತು. ಉಸಿರು ಬಿಗಿಹಿಡಿದು ಎದೆ-ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕೈಯಲ್ಲಿ ನಾಡಿ ಸಿಗುವುದಿಲ್ಲ, ಎದೆಯ ಸದ್ದೂ ಕೇಳುವುದಿಲ್ಲ. ಆದರೆ ಇಸಿಜಿಯಲ್ಲಿ ಹೃದಯ ಬಡಿಯುತ್ತಲೇ ಇತ್ತು!

ಇಲ್ಲಿಗೆ ಮುಗಿಯಿತೇ? ಇಲ್ಲ, ನನಗೆ ಸ್ವಾರಸ್ಯ ಅನ್ನಿಸಿದ್ದು ಮುಂದಿನದು. ಅದೇ ಪ್ರಯೋಗದಲ್ಲಿ ಒಬ್ಬರು ಹೃದಯವನ್ನು ನಿಲ್ಲಿಸದಿದ್ದರೂ ಚೆನ್ನಾಗಿಯೇ ನಿಧಾನಗೊಳಿಸಿದ್ದರು. ಗಾಬರಿಯಾದಾಗ ದೇಹ ಕಾದಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಅಂತ ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರಲ್ಲೇ ಬರೆದಿದ್ದರು. ಅದೇ ಹಾರ್ವರ್ಡಿನಲ್ಲಿ ಹರ್ಬರ್ಟ್ ಬೆನ್ಸನ್ ಅದರ ಇನ್ನೊಂದು ಮಗ್ಗುಲನ್ನು ಹುಡುಕಿದರು. ಧ್ಯಾನಕ್ಕೆ ಕೂತವರಲ್ಲಿ ಆಮ್ಲಜನಕದ ಬಳಕೆ, ಉಸಿರು, ಎದೆಬಡಿತ ಎಲ್ಲವೂ ಇಳಿಯುವುದನ್ನು ಅವರೂ ಕೀತ್ ವ್ಯಾಲೇಸರೂ ಅಳೆದರು. ಸುಮ್ಮನೆ ಕೂತು ಒಂದು ಪದವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರೂ ಈ ವಿಶ್ರಾಂತಿ ಸಿಗುತ್ತದೆ ಅಂತ ಬೆನ್ಸನ್ 1975ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನಮ್ಮಜ್ಜಿಯರ ಜಪಮಣಿ ನೆನಪಾಗಲಿಲ್ಲವೇ?

ಹಾಗಂತ ಅತಿಯೂ ಬೇಡ. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪುರಾವೆಗಳನ್ನೆಲ್ಲ ಜಾಲಾಡಿತು. ಭಾವಾತೀತ ಧ್ಯಾನದಿಂದ ರಕ್ತದೊತ್ತಡ ಸ್ವಲ್ಪ ಇಳಿಯಬಹುದು, ಬೇರೆ ಧ್ಯಾನ ಪದ್ಧತಿಗಳಿಗೆ ಮತ್ತು ಯೋಗಕ್ಕೆ ಸಾಕಷ್ಟು ಆಧಾರವಿಲ್ಲ ಅಂದಿತು. ಅಂದರೆ ಬಿಪಿ ಮಾತ್ರೆಯ ಜೊತೆಗೆ ಧ್ಯಾನವೇ ಹೊರತು ಮಾತ್ರೆಯ ಬದಲಿಗಲ್ಲ.

ಪವಾಡದ ಕಥೆಯಿಂದ ಆಗುವ ನಷ್ಟ ಇದೇ ಅನ್ನಿಸುತ್ತದೆ ನನಗೆ. ಅದನ್ನು ಪೂರ್ತಿ ನಂಬಿದವರು ಮಾತ್ರೆ ಬಿಡುತ್ತಾರೆ, ನಂಬದವರು ದಿನಕ್ಕೆ ಇಪ್ಪತ್ತು ನಿಮಿಷ ಕಣ್ಮುಚ್ಚಿ ಕೂರುವುದನ್ನೂ ನಕ್ಕು ತಳ್ಳಿಹಾಕುತ್ತಾರೆ. ಯಂತ್ರಕ್ಕೆ ಸಿಕ್ಕಿದ್ದು ಇವೆರಡರ ನಡುವಿನ ಸಣ್ಣ ನಿಜ. ನನಗಂತೂ ಅಷ್ಟು ಸಾಕು. ನೀವೇನಂತೀರಿ?