ಪಿಪೆಟ್‌ಗೆ ಬಾಯಿ ಇಟ್ಟಿದ್ದು ಯಾರು?

1988ರ ಮಾತು. ಬಿ.ಎಸ್ಸಿ. ಮೊದಲ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್. ಆಗ ನಮ್ಮ ಲ್ಯಾಬಲ್ಲಿ ಪಿಪೆಟ್‌ಗೆ ರಬ್ಬರ್ ಬಲ್ಬ್ ಇರಲಿಲ್ಲ. ಬಾಯಲ್ಲೇ ಹೀರಿ, ದ್ರಾವಣ ಗೆರೆ ದಾಟಿದ ಕೂಡಲೇ ಬೆರಳು ಒತ್ತಬೇಕು. ಸ್ವಲ್ಪ ಯಾಮಾರಿದರೆ ಕಾಸ್ಟಿಕ್ ಸೋಡಾ ಸೀದಾ ನಾಲಿಗೆಗೆ! ಇಬ್ಬರಿಗೆ ಒಂದೇ ಪಿಪೆಟ್. ನಾನು 20 ಮಿಲಿ ಅಳೆದು ಫ್ಲಾಸ್ಕಿಗೆ ಬಿಟ್ಟು ಪಕ್ಕದವನಿಗೆ ಕೊಟ್ಟೆ. ಅವನು ಕೈ ಚಾಚಲಿಲ್ಲ. "ನೀನೇ ಅಳಿ ಕಣೋ, ನಾನು ಬ್ಯೂರೆಟ್ ನೋಡ್ಕೋತೀನಿ" ಅಂದ. ಮುಂದಿನ ವಾರವೂ ಅದೇ ಮಾತು. ಮೂರನೇ ವಾರ ಬ್ಯಾಚೇ ಬದಲಾಯಿಸಿಕೊಂಡ. ಲೆಕ್ಚರರ್‌ಗೆ ಹೇಳಿದರೆ, "ಒಳ್ಳೇದಾಯ್ತಲ್ಲಪ್ಪ, ನಿನಗೊಬ್ಬನಿಗೇ ಒಂದು ಪಿಪೆಟ್ ಸಿಕ್ತು" ಅಂತ ನಕ್ಕರು.

ಅವತ್ತು ನನಗೂ ಅದು ಪಿಪೆಟ್ ವಿಷಯ ಅಂತಲೇ ಅನ್ನಿಸಿತ್ತು. ಅದರ ಹಿಂದೆ ಎಷ್ಟು ಉದ್ದದ ಚರಿತ್ರೆ ಇದೆ ಅಂತ ಗೊತ್ತಾಗಿದ್ದು ಆಮೇಲೆ, ಓದ್ತಾ ಓದ್ತಾ.

ಥಿಯರಿ ಕ್ಲಾಸಲ್ಲಿ ಕೇಳಿ, ಬರೆದುಕೊಂಡು ಎದ್ದು ಬರಬಹುದು. ಲ್ಯಾಬಲ್ಲಿ ಹಾಗಾಗಲ್ಲ. ಅಲ್ಲಿ ಮುಟ್ಟಲೇಬೇಕು. ಗಾಜು, ಆಸಿಡ್, ಕಪ್ಪೆ, ಹೆಣ, ಜೊತೆಗೆ ಪಕ್ಕದವನು ಮುಟ್ಟಿದ್ದನ್ನೂ ಮುಟ್ಟಬೇಕು. ಮುಟ್ಟುವುದನ್ನೇ ಜಾತಿಯ ಅಳತೆಗೋಲು ಮಾಡಿಕೊಂಡ ದೇಶಕ್ಕೆ ಪ್ರಯೋಗಾಲಯ ಬಂದಾಗ ಏನಾಯ್ತು? ಈ ಪ್ರಶ್ನೆ ನಮ್ಮ ಯಾವ ವಿಜ್ಞಾನ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಕಲ್ಕತ್ತಾ ಮೆಡಿಕಲ್ ಕಾಲೇಜು ಶುರುವಾಗಿದ್ದು 1835ರಲ್ಲಿ. ಮರುವರ್ಷವೇ ಮಧುಸೂದನ ಗುಪ್ತ ಅನ್ನುವ ವೈದ್ಯ ಜಾತಿಯ ಪಂಡಿತರು ಮನುಷ್ಯನ ಹೆಣ ಕೊಯ್ದರು. ಆಧುನಿಕ ಕಾಲದಲ್ಲಿ ಆ ಕೆಲಸ ಮಾಡಿದ ಮೊದಲ ಭಾರತೀಯ ಅಂತ ಅವರ ಹೆಸರು ಹೇಳ್ತಾರೆ. ಧೈರ್ಯವಂತರು, ಅನುಮಾನವಿಲ್ಲ. ಸ್ವಂತ ಜಾತಿಯ ಕಟ್ಟು ಮುರಿಯೋದು ಸಣ್ಣ ಮಾತಲ್ಲ. ಆದರೆ ಅದೇ ಬಂಗಾಳದಲ್ಲಿ ತಲೆತಲಾಂತರದಿಂದ ಹೆಣ ಹೊತ್ತವರು, ಸುಟ್ಟವರು ಡೋಮ್ ಜನ. ಗುಪ್ತರು ಹೆಣ ಮುಟ್ಟಿದರೆ ಚರಿತ್ರೆ. ಡೋಮರು ಮುಟ್ಟಿದರೆ ಕುಲಕಸುಬು! ಹಳೇ ಕಥೆ ಅನ್ಕೋಬೇಡಿ. 2021ರಲ್ಲಿ ಕೋಲ್ಕತ್ತದ ಒಂದು ಸರ್ಕಾರಿ ಮೆಡಿಕಲ್ ಕಾಲೇಜು ಪ್ರಯೋಗಾಲಯ ಸಹಾಯಕರಿಗೆ ಅರ್ಜಿ ಕರೆದಾಗ ಆ ಹುದ್ದೆಗೆ ಇದ್ದ ಹೆಸರು ಡೋಮ್ ಅಂತಲೇ. ಜಾತಿಯ ಹೆಸರೇ ಹುದ್ದೆಯ ಹೆಸರು.

ಈ ರೋಗವನ್ನು ಒಳಗಿದ್ದುಕೊಂಡೇ ಗುರುತಿಸಿದವರು ಪ್ರಫುಲ್ಲಚಂದ್ರ ರಾಯ್. 1889ರಿಂದ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸಿದವರು. ಹುಡುಗರ ಕೈಗೆ ಟೆಸ್ಟ್‌ಟ್ಯೂಬ್ ಕೊಟ್ಟು, ಸಂಶೋಧಕರ ಒಂದು ತಲೆಮಾರನ್ನೇ ಬೆಳೆಸಿದವರು. ಹಿಂದೂ ರಸಾಯನಶಾಸ್ತ್ರದ ಚರಿತ್ರೆ ಬರೆದು 1902ರಲ್ಲಿ ಮೊದಲ ಸಂಪುಟ ಹೊರತಂದರು. ಅದರಲ್ಲಿ ಅವರು ಮಾಡುವ ವಾದ ಇದು: ಸುಶ್ರುತ ಹೆಣ ಕೊಯ್ದು ಕಲಿಯಿರಿ ಅಂದ, ಮನು ಹೆಣ ಮುಟ್ಟಿದರೆ ಮೈಲಿಗೆ ಅಂದ, ಮನುವಿನ ಮಾತು ಗೆದ್ದಿತು. ಕೈಕೆಲಸವೆಲ್ಲ ಕೆಳಜಾತಿಗಳ ಪಾಲಾಯಿತು, ಓದು ಮೇಲಿನವರ ಪಾಲಾಯಿತು. ಹೇಗೆ, ಯಾಕೆ ಅಂತ ಕೇಳುವ ತಲೆ ಮಾಡುವ ಕೈಯಿಂದ ಬೇರೆಯಾಯಿತು. ವಿಜ್ಞಾನ ಅಲ್ಲಿಗೆ ಸತ್ತಿತು.

ಇದನ್ನು ಓದಿದಾಗ ನನಗೆ ನಮ್ಮ ತಾತ ನೆನಪಾದರು. ತೊಗಲು ಹದ ಮಾಡ್ತಿದ್ದರು. ಸುಣ್ಣದ ಗುಂಡೀಲಿ ನೆನೆಹಾಕಿ ಕೂದಲು ಬಿಡಿಸೋದು, ತಂಗಡಿ ಚಕ್ಕೆ ರಸದಲ್ಲಿ ದಿನಗಟ್ಟಲೆ ಇಡೋದು, ಬಣ್ಣ ನೋಡಿ, ಹಿಚುಕಿ ನೋಡಿ "ಹದ ಬಂತು" ಅನ್ನೋದು. ನಾನು ಡಿಗ್ರಿಯಲ್ಲಿ ಕಲಿತೆ: ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಚಕ್ಕೆಯಲ್ಲಿರೋದು ಟ್ಯಾನಿನ್, ಅದು ತೊಗಲಿನ ಪ್ರೋಟೀನನ್ನು ಕಟ್ಟಿಹಾಕಿ ಕೊಳೆಯದ ಹಾಗೆ ಮಾಡುತ್ತೆ. ಒಂದು ಸಲ ಊರಿಂದ ಚಕ್ಕೆ ತಂದು ಕುದಿಸಿ, ಆ ರಸಕ್ಕೆ ಎರಡು ಹನಿ ಫೆರಿಕ್ ಕ್ಲೋರೈಡ್ ಬಿಟ್ಟೆ. ಇಡೀ ಟ್ಯೂಬ್ ಕಪ್ಪಿಟ್ಟಿತು. ತಾತನ ಕಸುಬು ನನ್ನ ಕಣ್ಣೆದುರೇ ಕೆಮಿಸ್ಟ್ರಿ ಆಯ್ತು. ಅದನ್ನು ಮಾಡಲು ಬಿಟ್ಟಿದ್ದು ಲೆಕ್ಚರರ್ ಅಲ್ಲ, ಲ್ಯಾಬ್ ಅಟೆಂಡರ್ ಅಣ್ಣ. ನಮ್ಮವರೇ. ಎಲ್ಲರ ದ್ರಾವಣ ತಯಾರು ಮಾಡ್ತಿದ್ದವರು ಅವರು. ಉಪ್ಪಿನ ಬಣ್ಣ ನೋಡೇ "ಇದು ಕಾಪರ್ರು, ಇದು ನಿಕ್ಕಲ್ಲು" ಅನ್ನೋರು. ಆದರೆ ರೆಕಾರ್ಡ್ ಬುಕ್ಕಿಗೆ ಸಹಿ ಹಾಕುವ ಕೈ ಬೇರೆಯದಿತ್ತು.

ಲ್ಯಾಬ್ ಸಿಕ್ಕವರಿಗೂ ಊಟದ ಸಾಲು ಸಿಗಲಿಲ್ಲ. 1911ರಲ್ಲಿ ಪ್ರೆಸಿಡೆನ್ಸಿಗೆ ಸೇರಿದ ಮೇಘನಾದ ಸಾಹಾ ದಲಿತರಲ್ಲ, ಬಂಗಾಳದಲ್ಲಿ ಕೀಳು ಅಂತ ಎಣಿಸಿದ ವ್ಯಾಪಾರಿ ಜಾತಿಯವರು. ಕ್ಲಾಸಲ್ಲಿ ರಾಯ್, ಜಗದೀಶಚಂದ್ರ ಬೋಸ್ ಗುರುಗಳು. ಹಾಸ್ಟೆಲ್ಲಿಗೆ ಬಂದರೆ ಮೇಲ್ಜಾತಿ ಹುಡುಗರು ಜೊತೆಗೆ ಊಟಕ್ಕೆ ಕೂರಲು ಒಪ್ಪಲಿಲ್ಲ. 1920ರಲ್ಲಿ ಅದೇ ಸಾಹಾ ನಕ್ಷತ್ರಗಳ ಬೆಳಕನ್ನು ಓದುವ ಸಮೀಕರಣ ಕೊಟ್ಟರು. ಮುಂದೆ ಕಲ್ಕತ್ತಾದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಸಂಸ್ಥೆ ಕಟ್ಟಿದರು.

ಇನ್ನು ನಮ್ಮ ಬಾಬಾಸಾಹೇಬರು. ಶಾಲೆಯಲ್ಲಿ ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇದ್ದ ಹುಡುಗ, 1942ರಲ್ಲಿ ವೈಸರಾಯ್ ಕೌನ್ಸಿಲ್ಲಿನ ಸದಸ್ಯರಾಗಿ ಸರ್ಕಾರಕ್ಕೆ ಒಂದು ಮನವಿ ಬರೆದರು. ನಮ್ಮ ಮಕ್ಕಳು ಆರ್ಟ್ಸ್, ಲಾ ಓದಿದರೆ ಸಾಲದು, ಮೇಲ್ಮಟ್ಟದ ಸೈನ್ಸ್, ಟೆಕ್ನಾಲಜಿ ಬೇಕು, ಅದರ ಖರ್ಚು ನಮ್ಮ ಕೈಗೆ ಎಟುಕಲ್ಲ, ಸರ್ಕಾರವೇ ಕೊಡಬೇಕು ಅಂತ. 1944ರಲ್ಲಿ ಪರಿಶಿಷ್ಟ ಜಾತಿಗಳಿಗೆ ಪೋಸ್ಟ್‌ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. 1946ರಲ್ಲಿ ಬಾಂಬೆಯಲ್ಲಿ ಅವರೇ ತೆರೆದ ಸಿದ್ಧಾರ್ಥ ಕಾಲೇಜು ಆರ್ಟ್ಸ್ ಜೊತೆಗೆ ಸೈನ್ಸ್ ಕಾಲೇಜೂ ಹೌದು. ಸೈನ್ಸ್ ಕಾಲೇಜು ನಡೆಸೋದು ದುಬಾರಿ ಅಂತ ಗೊತ್ತಿದ್ದೂ ತೆರೆದರು.

ನನ್ನ ಲ್ಯಾಬ್ ಫೀಸು, ಒಡೆದ ಬ್ಯೂರೆಟ್ಟಿನ ದಂಡ, ಬಿಳಿ ಕೋಟು, ಎಲ್ಲಾ ಬಂದಿದ್ದು ಅದೇ ಸ್ಕಾಲರ್‌ಶಿಪ್ ದುಡ್ಡಲ್ಲಿ. ಆ ಪಿಪೆಟ್ ನನ್ನ ಬಾಯಿಗೆ ಬರೋಕೆ 1942ರ ಆ ಮನವಿ ಬೇಕಾಯ್ತು ಗೆಳೆಯರೇ. ಯಾರ ಉಪಕಾರದಿಂದಲೂ ಬಂದದ್ದಲ್ಲ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, ಹೋದ ತಿಂಗಳು ಡಿಗ್ರಿ ಓದುವ ನಮ್ಮ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಣ್ಣ, ಥಿಯರೀಲಿ ಚೆನ್ನಾಗಿ ಬರುತ್ತೆ, ಪ್ರಾಕ್ಟಿಕಲ್ಲು, ವೈವಾದಲ್ಲಿ ಮಾತ್ರ ಇಳಿದುಹೋಗುತ್ತೆ. ಯಾಕೆ ಅಂತ ಕೇಳೋದು ಯಾರನ್ನ?" ಅಂದಳು. ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಥಿಯರಿ ಪತ್ರಿಕೆ ಮೇಲೆ ಬರೀ ನಂಬರ್ ಇರುತ್ತೆ. ವೈವಾದಲ್ಲಿ ಎದುರಿಗೇ ಕೂತಿರ್ತೀವಿ, ಹೆಸರು, ಹಾಸ್ಟೆಲ್ಲು, ಮಾತಿನ ಧಾಟಿ ಎಲ್ಲಾ ಸಮೇತ. ಅವಳಿಗೆ ಹೇಳಿದ್ದು ಇಷ್ಟೇ: ಪ್ರತಿ ಪ್ರಯೋಗದ ರೀಡಿಂಗ್ ಅವತ್ತೇ ಬರೆದು ಸಹಿ ಹಾಕಿಸು, ತಾರೀಖು ಇರಲಿ. ಅಂಕ ಯಾವುದಕ್ಕೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳು. ಒಬ್ಬಳೇ ಹೋಗಬೇಡ, ನಾಲ್ಕು ಜನ ಹೋಗಿ.

ನಿಮಗೂ ಒಂದು ಮಾತು. ನಿಮ್ಮೂರ ಕಾಲೇಜಿಗೆ ಹೋದಾಗ ಸಭಾಂಗಣದಲ್ಲಿ ಬಾಬಾಸಾಹೇಬರ ಫೋಟೋ ಇದೆಯಾ ನೋಡಿ, ಜೊತೆಗೆ ಲ್ಯಾಬಿಗೂ ಹೋಗಿ. ನಮ್ಮ ಮಕ್ಕಳು ಉಪಕರಣ ಹಿಡಿದಿದ್ದಾರಾ, ದೂರ ನಿಂತು ರೀಡಿಂಗ್ ಬರ್ಕೊಳ್ತಿದ್ದಾರಾ ನೋಡಿ. ಗಾಜು ತೊಳೆಯೋರು ಯಾರು, ಸಹಿ ಹಾಕೋರು ಯಾರು ಕೇಳಿ.

ಜೈ ಭೀಮ್.